ಸಪ್ಪಳ ಬರುವ ಮೊದಲು

ನಮ್ಮ ಲಕಮನಹಳ್ಳಿಯ ಜುಲ್ಫಿಕಾರನಂಥ ಮೆಕ್ಯಾನಿಕ್ ಮೂರು ಲೋಕದಲ್ಲಿಲ್ಲ. ಅವನಂಥ ಗಂಡ ಮಾತ್ರ ವೈರಿಗೂ ಬೇಡ. ಹೆಂಡತಿ ಜರೀನಾಳ ಅಕ್ಕ ಎದೆಯ ಕ್ಯಾನ್ಸರ್‌ನಿಂದ ತೀರಿದ್ದಳು. ಜರೀನಾ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದರು. ಈ ಸಲ ಇವನು ಬೇಡವೆಂದ. ಅವನ ಚಿಕ್ಕಮ್ಮನಾದ ನಾನು ಗ್ಯಾರೇಜಿಗೇ ಹೋಗಿ ಯಾಕೆಂದು ಕೇಳಿದೆ.

“ಹ್ವಾದ ವರ್ಷ ಏನೂ ಇಲ್ಲ ಅಂದಾರ. ಈಗೂ ನೋವಿಲ್ಲ, ಗಂಟಿಲ್ಲ. ಮತ್ಯಾಕ್ರಿ, ಖಾಲಾ?”

“ಸಪ್ಪಳ ಬರೂಕಿಂತ ಮೊದ್ಲ ಗಾಡಿ ತರ್ರಿ ಅಂತ ಗಿರಾಕಿಗೆ ಒದರ್ತೀಯಲ್ಲೋ ಶಾಣ್ಯಾ! ಗಾಡಿ ಮ್ಯಾಲಿನ ಮಾಯಾ ಹೆಂಡ್ತಿ ಮ್ಯಾಲಿಲ್ಲೇನು? ಗಂಟು ಧಾರವಾಡದಷ್ಟು ಬೆಳಿಯೂತನಕ ಕುಂದರ್ತೀಯೇನು?”

ಗ್ಯಾರೇಜಿನಲ್ಲಿದ್ದ ಗಿರಾಕಿಗಳೆಲ್ಲ ನಕ್ಕರು. ಅವನು ಕೈಯ ಗ್ರೀಸೂ ಒರೆಸದೆ ಜರೀನಾಳನ್ನು ಸತ್ತೂರಿನ ಆಸ್ಪತ್ರೆಗೆ ಕರೆದೊಯ್ದ.

ಕೈಗೆ ಸಿಗದಷ್ಟು ಸಣ್ಣ ಗಂಟು ಯಂತ್ರದಲ್ಲಿ ಕಂಡಿತು. ಕ್ಯಾನ್ಸರೇ, ಆದರೆ ಆರಂಭದಲ್ಲೇ ಸಿಕ್ಕಿತು, ಚಿಕಿತ್ಸೆಯಿಂದ ಜರೀನಾ ಚೇತರಿಸಿಕೊಂಡಳು.

ಈಗ ಜುಲ್ಫಿಕಾರ ಓಣಿಯ ಗಂಡಸರನ್ನೆಲ್ಲ ನಿಲ್ಲಿಸಿ, “ಹೆಂಡ್ತೀನ್ನ ಡಾಕ್ಟರಿಗೆ ತೋರಿಸೀಯೇನಲೇ?” ಎಂದು ಗದರುತ್ತಾನೆ, ಆ ಯಂತ್ರವನ್ನು ತಾನೇ ಮಾಡಿದವನಂತೆ!