ದಕ್ಷಿಣದ ಕೋಳಿ

ಡಬರಿಯ ಒಂದು ಹಿಡಿಕೆ ಕಾಮಣ್ಣನ ಕೈಯಲ್ಲಿತ್ತು, ಇನ್ನೊಂದು ಜನಾಬಾಯಿಯ ಕೈಯಲ್ಲಿ. ನಡುವೆ ಆರು ಕೋಳಿಗಳ ತುಂಡುಗಳು ಕೆಂಪು ಮಜ್ಜಿಗೆಯಲ್ಲಿ ಅತ್ತಿಂದಿತ್ತ ತುಳುಕಾಡುತ್ತಿದ್ದವು.

"ಬಿಡು ಜನಾ, ಗಟಾರಕ್ಕ ಸುರುವಿ ಬರ್ತೀನಿ."

"ಬಿಡಂಗಿಲ್ಲ ಕಾಕಾ."

"ಒಳಗ ಹೆಣ ಐತಿ, ನೆಪ್ಪೈತಿಲ್ಲೋ ನಿನಗ?"

"ಒಳಗ ಮಲಗಿದಾಕೀನ ನಿನ್ನಿ ಸಂಜಿಕ ಇದನ್ನ ಕಲಸಿ ಇಟ್ಟಾಳ."

ಒಳಗೆ ಮಲಗಿದ್ದವಳು ಸುಗಲಾಬಾಯಿ, ಜನಾಬಾಯಿಯ ಅತ್ತೆ. ಕರಿ ಕಂಬಳಿಯ ಮೇಲೆ ದಕ್ಷಿಣಕ್ಕೆ ತಲೆ ಮಾಡಿ, ಹಣೆತುಂಬ ಅರಿಸಿನದ ಬಂಡಾರ ಹಚ್ಚಿಸಿಕೊಂಡು ಮಲಗಿದ್ದಳು. ಬೆಳಗ್ಗೆ ಚಹಾಕ್ಕೆ ಎಬ್ಬಿಸಲು ಹೋದರೆ ಎದ್ದಿರಲಿಲ್ಲ. ವಯಸ್ಸು ಅರವತ್ತೋ ಎಪ್ಪತ್ತೋ ಯಾರಿಗೂ ಗೊತ್ತಿಲ್ಲ. ಅವಳನ್ನೇ ಕೇಳಿದರೆ, "ನಮ್ಮೂರ ಬೋರಿ ಹೊಳಿಗಿಂತ ಎರಡು ವರ್ಷ ಸಣ್ಣಾಕಿ" ಎನ್ನುತ್ತಿದ್ದಳು.

ಕಾಮಣ್ಣ ಅವಳ ಮೈದುನ. ಸುದ್ದಿ ಮುಟ್ಟಿದ್ದೇ ಕುರನೂರಿನಲ್ಲಿ ಕುರಿಗಳನ್ನು ಬೇರೆಯವರಿಗೆ ಒಪ್ಪಿಸಿ, ಸಿಕ್ಕ ಲಾರಿ ಹತ್ತಿ ಸೊಲ್ಲಾಪುರಕ್ಕೆ ಬಂದಿದ್ದ. ಅಣ್ಣನೂ ಇಲ್ಲ, ಅಣ್ಣನ ಮಗ, ಜನಾಬಾಯಿಯ ಗಂಡ ಪೀರಪ್ಪನೂ ಎಂಟು ವರ್ಷದ ಹಿಂದೆ ಜ್ವರದಲ್ಲಿ ಹೋದ. ಈಗ ಮನೆಗೆ ಹಿರಿಯನೆಂದರೆ ತಾನೇ ಎಂಬುದು ಲಾರಿ ಇಳಿಯುವಷ್ಟರಲ್ಲಿ ಅವನ ತಲೆಯಲ್ಲಿ ಗಟ್ಟಿಯಾಗಿತ್ತು.

"ಸತ್ತ ಮನ್ಯಾಗ ಕಡಾಯಿ ಇಡಬಾರ್ದು. ಎಣ್ಣಿ ಕಾಯಸೂದು ಮದಿವಿ ಮನ್ಯಾಗ. ಸೂತಕದ ದಿನಾ ಮುಗಿಯೂತನ ಇಲ್ಲಿ ಒಂದು ಸಾಸಿವಿ ಸೈತ ಸಿಡೀಬಾರ್ದು," ಎಂದ.

"ಅಲ್ಲೀತನ ಈ ಕೋಳಿ ತಡೀತಾವೇನು?"

"ಅದಕ್ಕs ಸುರುವು ಅನ್ನಾಕತ್ತೀನಿ."

ಹೆಣದ ಪಕ್ಕ ಕೂತು ಹಾಡಿಕೊಂಡು ಅಳುತ್ತಿದ್ದ ನೆರೆಮನೆಯ ಗುರಮ್ಮ ಹಾಡನ್ನು ನಡುವೆಯೇ ನಿಲ್ಲಿಸಿ, "ಗಟಾರಕ್ಕ ಬ್ಯಾಡೋ ಕಾಮಣ್ಣ, ಓಣಿ ನಾಯಿ ಎಲ್ಲಾ ಮಣ್ಣಿಗಿ ಬರ್ತಾವ" ಎಂದು ಹೇಳಿ, ಬಿಟ್ಟಲ್ಲಿಂದ ಮತ್ತೆ ಹಾಡತೊಡಗಿದಳು.

"ಇವತ್ತ ಮಣ್ಣ ಮುಗೀಲಿ," ಎಂದ ಕಾಮಣ್ಣ. "ನಾಳಿ ಈ ಖೋಲಿ ಬಿಟ್ಟು ನೀನೂ ಕುರನೂರಿಗಿ ನಡಿ. ಒಬ್ಬಾಕಿನ ಇಲ್ಲಿ ಇದ್ದು ಏನ ಮಾಡ್ತಿ? ಕಡಾಯಿನೂ ತಗೊಂಡ ನಡಿ. ಕುರಿಗಿ ನೀರಿಡಾಕ ಬರೋಬರಿ ಆಗ್ತೈತಿ."

ಊರಿಗೆ ನಡಿ ಎಂದದ್ದನ್ನು ಜನಾಬಾಯಿ ತಾಳಿಕೊಳ್ಳುತ್ತಿದ್ದಳೇನೋ. ಕುರಿಗೆ ನೀರಿಡುವ ಮಾತು ನಟ್ಟಿತು.

"ಕಡಾಯಿ ಎಲ್ಲೂ ಬರಂಗಿಲ್ಲ. ನಾನೂ ಬರಂಗಿಲ್ಲ. ನಾ ಕೋಳಿ ಕರದು ಮಾರಕೊಂಡ ಇರ್ತೀನಿ."

"ನೀ? ಹಿಟ್ಟಿನ್ಯಾಗ ಹೊಳ್ಳ್ಯಾಡಸೂದು ಬಿಟ್ರ ಆಕಿ ನಿನ್ನ ಎಂದರ ಎಣ್ಣಿ ಹತ್ರ ಬಿಟ್ಟಾಳೇನು?"

ಅದು ಮಾತ್ರ ಖರೆ ಇತ್ತು. ಬಿಟ್ಟಿರಲಿಲ್ಲ.

*

ಗಂಡ ಸತ್ತ ಮೇಲೆ ಸೊಲ್ಲಾಪುರಕ್ಕೆ ಬಂದ ಸುಗಲಾಬಾಯಿಗೆ ಮೊದಲು ಸಿಕ್ಕಿದ್ದು ಒಂದು ಮಿಶನ್ ಬಂಗಲೆಯಲ್ಲಿ ಪಾತ್ರೆ ತಿಕ್ಕುವ ಕೆಲಸ. ಅಲ್ಲಿದ್ದ ಅಮೇರಿಕಾದ ಮೇಡಂ, ಇವರ ಬಾಯಲ್ಲಿ ಮಡ್ಡಮ್ಮ, ಮರಾಠಿ ಕಲಿತಿದ್ದಳು. ಒಂದು ಶನಿವಾರ ಅವಳು ತಾನೇ ಕೋಳಿ ಕೊಯ್ದು ರಾತ್ರಿಯಿಡೀ ಮಜ್ಜಿಗೆಯಲ್ಲಿ ನೆನೆಯಿಟ್ಟು, ಮರುದಿನ ಮೈದಾಹಿಟ್ಟಿನಲ್ಲಿ ಹೊರಳಿಸಿ ಕಡಾಯಿ ತುಂಬಿದ ಎಣ್ಣೆಯಲ್ಲಿ ಬಿಟ್ಟಳು. ಸುಗಲಾಬಾಯಿ ಬಾಯಿ ತೆರೆದುಕೊಂಡು ನೋಡುತ್ತಿದ್ದರೆ, "ಆಮಚ್ಯಾ ದಕ್ಷಿಣೇತ ಅಸಂಚ ಕರತಾತ" ಎಂದಳು. ನಮ್ಮ ದಕ್ಷಿಣದಲ್ಲಿ ಹೀಗೇ ಮಾಡುತ್ತಾರೆ, ಎಂದು. ಅವಳು ಹೇಳಿದ್ದು ಅಮೇರಿಕಾದ ದಕ್ಷಿಣ ಸೀಮೆಯನ್ನು.

ಮಡ್ಡಮ್ಮನ ಕೋಳಿಯಲ್ಲಿ ಖಾರ ಬರೀ ಹಾಜರಿ ಹಾಕಿ ಹೋಗುತ್ತಿತ್ತು. ಮುಂದಿನ ವಾರ ಅವಳು ಆ ಕಡೆ ತಿರುಗಿದಾಗ ಸುಗಲಾಬಾಯಿ ಒಂದು ಬೊಗಸೆ ಮೆಣಸಿನಪುಡಿ, ಮೇಲೊಂದು ಹಿಡಿ ಕರಿ ಮಸಾಲೆ ಮಜ್ಜಿಗೆಗೆ ಸುರುವಿದಳು. ಅದನ್ನು ತಿಂದ ಮಡ್ಡಮ್ಮ ಮೂರು ತಂಬಿಗೆ ನೀರು ಕುಡಿದು, ಬಂಗಲೆಯ ಬೇವಿನ ಗಿಡವನ್ನು ಎರಡು ಸುತ್ತು ಓಡಿ ಬಂದು, ಇನ್ನೊಂದು ತೊಡೆ ಕೊಡು ಎಂದಳಂತೆ. ಈ ಕತೆಯನ್ನು ಸುಗಲಾಬಾಯಿ ಹೇಳುತ್ತ ಹೇಳುತ್ತ ಸುತ್ತು ಐದಾದವು, ತಂಬಿಗೆ ಕೊಡವಾಯಿತು.

ಆದರೆ ದಕ್ಷಿಣ ಎಂಬ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಅವಳಿಗೆ ಗೊತ್ತಿದ್ದ ದಕ್ಷಿಣ ಒಂದೇ, ದಕ್ಷಿಣ ಸೊಲ್ಲಾಪುರ ತಾಲೂಕು. ಒಂದು ದಿನ ರಜೆ ಕೇಳಿ, ಬಸ್ ಹತ್ತಿ ಮಂದ್ರೂಪಕ್ಕೆ ಹೋಗಿ, ಮಜ್ಜಿಗೆ ಕೋಳಿ ಯಾರ ಮನೆಯಲ್ಲಿ ಮಾಡುತ್ತಾರೆ ಎಂದು ಬಾಗಿಲು ಬಾಗಿಲಿಗೆ ಕೇಳಿದಳು. ಕಟ್ಟೆಯ ಮೇಲೆ ಕೂತಿದ್ದ ಮುದುಕನೊಬ್ಬ, "ನಮ್ಮಲ್ಲಿ ಕೋಳಿ ಹಿಡದ ದಿನಾನs ತಿಂತೀವವ್ವಾ. ರಾತ್ರೆಲ್ಲಾ ಅದಕ್ಕ ಮಜ್ಜಿಗಿ ಜಳಕ ಮಾಡಸಾಕ ಅದೇನು ಮದಿಮಗಳೇನು?" ಎಂದ.

ಅವಳು ತಿರುಗಿ ಬಂದು ಹೇಳಿದ್ದಿಷ್ಟು: "ಮಡ್ಡಮ್ಮ ಸುಳ್ಳ ಹೇಳ್ಯಾಳ, ಇಲ್ಲಾ ದಕ್ಷಿಣದಾಗ ಇನ್ನೊಂದು ದಕ್ಷಿಣ ಐತಿ."

ಮಡ್ಡಮ್ಮ ತನ್ನ ದೇಶಕ್ಕೆ ಹೋದಳು. ಕೋಳಿ ಸುಗಲಾಬಾಯಿಯ ಹತ್ತಿರ ಉಳಿಯಿತು. ಮೈದಾ ಹಚ್ಚಿದರೆ ಕೋಳಿ ಜ್ವರ ಬಂದವರಂತೆ ಮೆತ್ತಗಾಗುತ್ತದೆ ಎಂದು ಅವಳು ಜೋಳದ ಹಿಟ್ಟು ಹಿಡಿದಳು. ಅಕ್ಕಲಕೋಟ ರಸ್ತೆಯಲ್ಲಿ, ಮಗ್ಗಗಳ ಓಣಿಯಲ್ಲಿ ಬಾಡಿಗೆ ಖೋಲಿ ಮಾಡಿ, ಮಗ್ಗಕ್ಕೆ ರಜೆ ಇದ್ದ ದಿನ ಬಾಗಿಲಲ್ಲಿ ಕಡಾಯಿ ಇಟ್ಟು ಕರಿದು ಮಾರತೊಡಗಿದಳು. ಸೊಸೆಗೆ ಕಲಸಲು ಕೊಟ್ಟಳು, ಹಿಟ್ಟು ಹಚ್ಚಲು ಕೊಟ್ಟಳು. ಎಣ್ಣೆಯಿಂದ ತುಂಡೆತ್ತುವ ಜಾಲಿಸೌಟು ಮಾತ್ರ ಕೊಡಲಿಲ್ಲ.

"ನೀ ಕಣ್ಣಿಲೆ ನೋಡ್ತಿ," ಎನ್ನುತ್ತಿದ್ದಳು. "ಕಣ್ಣಿಲೆ ನೋಡಿದ್ರ ಮ್ಯಾಲ ಕೆಂಪ, ಒಳಗ ಹಸಿ. ಕೋಳಿ ಕಿವಿಲೆ ಕರೀಬೇಕು. ತುಂಡಿನ್ಯಾಗ ನೀರ ಇರೂತನ ಎಣ್ಣಿ ಒದರ್ತೈತಿ. ನೀರ ತೀರಿದ ಮ್ಯಾಲ ಪಿಸುಪಿಸು ಮಾತಾಡ್ತೈತಿ. ಆವಾಗ ತಗೀಬೇಕು. ನೀ ಬಾಜು ಕುಂದರು, ಕೇಳು."

ಜನಾಬಾಯಿ ಎಂಟು ವರ್ಷ ಬಾಜು ಕೂತು ಕೇಳಿದ್ದಳು.

*

ಹೊತ್ತೇರಿದಾಗ ಓಣಿಯ ತುದಿಯಲ್ಲಿ ಅಣ್ಣಾರಾಯ ಕಾಣಿಸಿದ. ಮಗ್ಗದ ಕೆಲಸಗಾರ. ಹಿಂದೆ ಇಬ್ಬರು ಜೊತೆಗಾರರು, ಮೂವರ ಕೈಯಲ್ಲೂ ಸ್ಟೀಲ್ ತಾಟು.

"ಆಯಿ, ಇವತ್ತ ತೊಡಿ ತುಂಡು ನನಗs ನೋಡು, ಹ್ವಾದ ರಜಾಕ್ಕ ಬರೇ ಎಲುಬು..." ಎನ್ನುತ್ತ ಬಂದವನು ಅಂಗಳದಲ್ಲಿ ಬಿದಿರು ಕಂಡು ನಿಂತ. ತಾಟನ್ನು ಅಂಗಿಯೊಳಗೆ ತುರುಕಿಕೊಂಡ. ಹೊಟ್ಟೆ ತಗಡಿನದಾಯಿತು.

"ಬಂದೀರಲ್ಲ, ಬಿದರ ಹಿಡೀರಿ," ಎಂದ ಕಾಮಣ್ಣ.

ಮೂವರೂ ಸಿದಿಗೆ ಕಟ್ಟಲು ಕೂತರು. ಅಣ್ಣಾರಾಯ ಬಗ್ಗಿದಾಗಲೆಲ್ಲ ಹೊಟ್ಟೆ ಠಣ್ಣೆನ್ನುತ್ತಿತ್ತು. ಅವನು ಹಗ್ಗ ಬಿಗಿಯುತ್ತ, "ಆಯಿ ಕರಿಯೂ ವಾಸನಿಗಿ ದುಧನಿ ಕಡಿಂದ ಬರೂ ಪ್ಯಾಸೆಂಜರ್ ಗಾಡಿ ಸಿಗ್ನಲ್ ಇಲ್ಲದ ನಿಂತಿತ್ತಂತ. ಆಕೀನ ಹೇಳಿದ್ಲು," ಎಂದ.

"ನಿಂತಿದ್ದು ಖರೇ," ಎಂದಳು ಗುರಮ್ಮ ಮೂಗು ಒರೆಸಿಕೊಂಡು. "ಎಮ್ಮಿ ಅಡ್ಡ ಬಂದಿತ್ತು."

ಅಷ್ಟರಲ್ಲಿ ಮನೆಯ ಮಾಲಕ ಶಾಂತಲಿಂಗಪ್ಪ ಬಂದ. ಎಣ್ಣೆಯ ವ್ಯಾಪಾರಿ. ಬಿಳಿ ಧೋತರ, ಹಣೆಗೆ ವಿಭೂತಿ, ಕೈಯಲ್ಲಿ ಬಟ್ಟೆ ಹರಿದು ಕಡ್ಡಿ ಕಾಣುವ ಹಳೆಯ ಛತ್ರಿ. ಹೊಸ್ತಿಲ ಹೊರಗೇ ನಿಂತು ಹೆಣಕ್ಕೆ ಕೈ ಮುಗಿದ. ಇನ್ನೂ ಡಬರಿ ಹಿಡಿದೇ ನಿಂತಿದ್ದ ಇಬ್ಬರನ್ನೂ ನೋಡಿದ.

"ಛಲೋ ಆತು, ಬಂದ್ರಿ ಸಾವಕಾರ್ರ," ಎಂದ ಕಾಮಣ್ಣ. "ಈ ಹುಡಿಗಿಗಿ ನೀವs ಬುದ್ಧಿ ಹೇಳ್ರಿ. ಸತ್ತ ಮನ್ಯಾಗ ಕೋಳಿ ಕರೀತೀನಿ ಅಂತಾಳ."

*

ಹನ್ನೆರಡು ವರ್ಷದ ಹಿಂದೆ ಖೋಲಿ ಕೇಳಲು ಬಂದ ಸುಗಲಾಬಾಯಿಗೆ ಶಾಂತಲಿಂಗಪ್ಪ ಹೇಳಿದ್ದು ಒಂದೇ ಮಾತು. "ನಮ್ಮದು ಲಿಂಗಾ ಕಟ್ಟಿದವರ ಮನಿ. ಹೊಸ್ತಿಲದೊಳಗ ಕೋಳಿ ಬರಂಗಿಲ್ಲ."

"ಹೊಸ್ತಿಲದ ಹೊರಗ?"

ಅವನು ಅದನ್ನು ಯೋಚಿಸಿರಲಿಲ್ಲ. "ಹೊರಗಂದ್ರ... ದೂರ ಇರಬೇಕು."

"ಎಷ್ಟ ದೂರರಿ?"

ಶಾಂತಲಿಂಗಪ್ಪ ಅತ್ತಿತ್ತ ನೋಡಿ, ಕಡೆಗೆ ತನ್ನ ಕೈಯನ್ನೇ ನೋಡಿಕೊಂಡು, "ಒಂದು ಛತ್ರಿ ದೂರ" ಎಂದ.

ಅಂದಿನಿಂದ ಮಗ್ಗಕ್ಕೆ ರಜೆ ಇದ್ದ ದಿನವೆಲ್ಲ ಅವನು ಬಂದು ಛತ್ರಿಯನ್ನು ನೆಲದ ಮೇಲೆ ಮಲಗಿಸಿ ಅಳೆಯುತ್ತಿದ್ದ. ತುದಿ ಹೊಸ್ತಿಲಿಗೆ, ಹಿಡಿಕೆ ಒಲೆಗೆ. ಮೂಗಿಗೆ ಧೋತರದ ಚುಂಗು ಹಿಡಿದುಕೊಂಡೇ, "ಬರೋಬರಿ ಐತಿ" ಎಂದು ಹೇಳಿ ಹೋಗುತ್ತಿದ್ದ. ಒಂದು ಮಳೆಗಾಲ ಅವನು ಹೊಸ ಛತ್ರಿ ತಂದ. ಅದು ನಾಲ್ಕು ಬೆರಳು ಉದ್ದ. ಸುಗಲಾಬಾಯಿ ಒಲೆಯ ಮುಂದೆ ಕೂತುಬಿಟ್ಟಳು. "ನಿಮ್ಮ ಛತ್ರಿ ಬೆಳದ್ರ ನನ್ನ ಒಲಿ ಯಾಕ ಹಿಂದ ಸರೀಬೇಕ್ರಿ? ಹಳೀದು ತರ್ರಿ." ಅವನು ಮಳೆಯಲ್ಲಿ ಮನೆಗೆ ಹೋಗಿ ಹಳೆಯದನ್ನು ತಂದ. ಆಮೇಲೆ ಆ ಛತ್ರಿಗೆ ಅಳೆಯುವುದೊಂದೇ ಕೆಲಸವಾಯಿತು.

ಎಮರ್ಜೆನ್ಸಿಯಲ್ಲಿ ರಸ್ತೆಯ ಮೇಲಿನ ಒಲೆ ತೆಗೆಸಲು ಒಬ್ಬ ಸಾಹೇಬ ಬಂದಿದ್ದ. "ಇದು ರಸ್ತೆನೂ ಅಲ್ರಿ, ಮನಿನೂ ಅಲ್ಲ. ಸಾವಕಾರ್ರ ಛತ್ರಿ ಜಾಗಾ," ಎಂದಳು ಸುಗಲಾಬಾಯಿ. ಕಾಗದದಲ್ಲಿ ಇದನ್ನು ಹೇಗೆ ಬರೆಯಬೇಕೆಂದು ತಿಳಿಯದೆ ಸಾಹೇಬ ಎರಡು ತುಂಡು ತಿಂದು ಹೋದ.

*

"ಕಾಕಾ, ಸತ್ತ ಮನ್ಯಾಗ ಕಡಾಯಿ ಇಡಬಾರ್ದು, ಹೌದಿಲ್ಲೋ?" ಎಂದಳು ಜನಾಬಾಯಿ.

"ಹೌದು."

"ಇಡಂಗಿಲ್ಲ. ಆದ್ರ ಈ ಒಲಿ ಮನ್ಯಾಗ ಐತೋ, ಮನಿ ಹೊರಗ ಐತೋ? ಅದೊಂದು ಸಾವಕಾರ್ರನ್ನ ಕೇಳ್ರಿ."

ಗುರಮ್ಮನ ಹಾಡು ನಿಂತಿತು. ಅಂಗಳದವರೆಲ್ಲ ಶಾಂತಲಿಂಗಪ್ಪನ ಕಡೆ ತಿರುಗಿದರು. ಒಳಗಿದೆ ಎಂದರೆ ಹನ್ನೆರಡು ವರ್ಷ ಅವನ ಮನೆಯೊಳಗೇ ಕೋಳಿ ಬೆಂದಂತಾಯಿತು. ಹೊರಗಿದೆ ಎಂದರೆ ಇವತ್ತೂ ಬೇಯುತ್ತದೆ. ಅವನು ಚುಂಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡ. ಒಳಗೆ ಮಲಗಿದ್ದವಳನ್ನೊಮ್ಮೆ ನೋಡಿದ.

"ಇರೂತನ ನನಗ ಒಂದು ದಿನಾ ಗೆಲ್ಲಗೊಡಲಿಲ್ಲ ಮುದುಕಿ," ಎಂದ. "ಸತ್ತ ಮ್ಯಾಲೂ ಬಿಡವಲ್ಲಳು."

ಬಗ್ಗಿ ಛತ್ರಿಯನ್ನು ನೆಲದ ಮೇಲೆ ಮಲಗಿಸಿದ. ತುದಿ ಹೊಸ್ತಿಲಿಗೆ ಮುಟ್ಟಿತು, ಹಿಡಿಕೆ ಒಲೆಯ ಮಣ್ಣಿಗೆ ತಾಗಿತು.

"ಹೊರಗೈತಿ," ಎಂದ.

"ಅಲ್ರಿ ಸಾವಕಾರ್ರ, ಸೂತಕ..."

"ಕಾಮಣ್ಣ, ಹನ್ನೆರಡು ವರ್ಷ ಹೊರಗಿದ್ದ ಒಲಿ ಇವತ್ತೊಂದಿನ ಒಳಗ ಹೆಂಗ ಬರ್ತೈತಿ?"

ಕಾಮಣ್ಣ ಡಬರಿಯ ಹಿಡಿಕೆ ಬಿಟ್ಟ. ಬಿಟ್ಟವನು ಜನಾಬಾಯಿಯ ಕಡೆ ಬೆರಳು ಮಾಡಿ, "ಸುಟ್ಟ ಕರಕಲಾತಂದ್ರ?" ಎಂದ.

"ಸುಟ್ರ ನಾಳಿ ನಾನs ಕಡಾಯಿ ಹೊತಗೊಂಡ ಬಂದು ನಿಮ್ಮ ಕುರಿ ಮುಂದ ಇಡ್ತೀನಿ."

ಒಲೆ ಹೊತ್ತಿತು. ಕಡಾಯಿ ಏರಿತು. ಶೇಂಗಾ ಎಣ್ಣೆ ಕಾಯುವಷ್ಟರಲ್ಲಿ ಸುಗಲಾಬಾಯಿಯನ್ನು ಹೊರಗೆ ತಂದು ಸಿದಿಗೆಯ ಮೇಲೆ ಮಲಗಿಸಿದರು. ಜನಾಬಾಯಿ ಒಂದು ತೊಡೆಯ ತುಂಡನ್ನು ಮಜ್ಜಿಗೆಯಿಂದೆತ್ತಿ, ಖಾರ ಬೆರೆಸಿದ ಜೋಳದ ಹಿಟ್ಟಿನಲ್ಲಿ ಅದುಮಿ ಹೊರಳಿಸಿದಳು. ಚಿಟಿಕೆ ಹಿಟ್ಟು ಎಣ್ಣೆಗೆ ಎಸೆದಳು. ಅದು ಮುಳುಗದೆ ಮೇಲೆದ್ದಿತು. ತುಂಡು ಬಿಟ್ಟಳು. ಹಿಂದೆಯೇ ಇನ್ನೂ ನಾಲ್ಕು ಬಿಟ್ಟಳು. ಎಣ್ಣೆ ಒದರಿತು.

ಅದೇ ಹೊತ್ತಿಗೆ ಗುರಮ್ಮ ಸಿದಿಗೆಯನ್ನು ತಬ್ಬಿ ಗಂಟಲೆತ್ತಿದಳು. "ಯವ್ವಾ, ನಮ್ಮ ಓಣಿ ದೀಪ ಆರೇತಲ್ಲವ್ವಾ..."

ಜನಾಬಾಯಿ ಜಾಲಿಸೌಟು ಹಿಡಿದು ಕಡಾಯಿಯ ಮೇಲೆ ಬಗ್ಗಿದಳು. ಕೇಳಿಸುತ್ತಿದ್ದುದು ಗುರಮ್ಮ ಮಾತ್ರ. ತುಂಡುಗಳು ಕೆಂಪಾಗತೊಡಗಿದ್ದವು. ಕಾಮಣ್ಣ ಕುತ್ತಿಗೆ ಚಾಚಿ ನೋಡುತ್ತಿದ್ದ.

"ಗುರಮ್ಮ ಆಯಿ, ತಟಗ ಅಳೂದ ನಿಂದರ್ಸು. ಎಣ್ಣಿ ಕೇಳಸವಲ್ದು."

ಗುರಮ್ಮ ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಕಾಮಣ್ಣನೂ ಓಣಿಯ ಮೂವರೂ ಸಿದಿಗೆ ಎತ್ತಿ ಹೆಗಲಿಗಿಟ್ಟುಕೊಂಡು ನಿಂತರು. ಮುಂದಿನ ಬಿದಿರು ಕಾಮಣ್ಣನದು. ಮಗ್ಗಗಳಿಗೆ ರಜೆ, ಓಣಿಯಲ್ಲಿ ಬೇರೆ ಸಪ್ಪಳವಿಲ್ಲ. ಸತ್ತವಳೂ ಇದ್ದವರೂ ಸೇರಿ ಎಲ್ಲರೂ ಕಡಾಯಿಗೆ ಕಿವಿ ಕೊಟ್ಟರು. ಎಣ್ಣೆ ಒದರಿತು, ಇನ್ನಷ್ಟು ಒದರಿತು, ಆಮೇಲೆ ದನಿ ಇಳಿಸಿತು. ಗುಟ್ಟು ಹೇಳುವವರ ಹಾಗೆ ಪಿಸುಗುಟ್ಟತೊಡಗಿತು.

ಜನಾಬಾಯಿ ತೆಗೆದಳು.

ತೊಡೆಯ ತುಂಡನ್ನು ಊದಿ ಮುರಿದಳು. ಕುರುಂ ಎಂದದ್ದು ಹಿಂದಿನ ಬಿದಿರು ಹಿಡಿದವರಿಗೂ ಕೇಳಿಸಿತು. ಒಳಗಿನ ಮಾಂಸ ಬೆಳ್ಳಗಿತ್ತು, ಹಬೆಯಾಡುತ್ತಿತ್ತು. ನಿನ್ನೆಯ ರೊಟ್ಟಿಯ ಚೂರಿನ ಮೇಲಿಟ್ಟು, ಕೈ ಮೇಲೆತ್ತಿ ಅದನ್ನು ಸಿದಿಗೆಯಲ್ಲಿ ಸುಗಲಾಬಾಯಿಯ ತಲೆಯ ಹತ್ತಿರ ಇಟ್ಟಳು.

"ಅತ್ತಿ, ದಕ್ಷಿಣಕ್ಕ ಹೊಂಟೀರಿ," ಎಂದಳು. "ಅಲ್ಲಿ ಯಾರರ ಹಿಂಗ ಮಾಡ್ತಾರೇನು, ಕೇಳ್ರಿ."

ಕಾಮಣ್ಣ ತಿರುಗಿ ನೋಡಲಿಲ್ಲ. "ಸುಟ್ಟಿಲ್ಲ," ಎಂದ, ಬಿದಿರಿಗೆ ಹೇಳಿದ ಹಾಗೆ. ಬಂಡಾರ ಹಾರಿತು. ಸಿದಿಗೆ ಹೊರಟಿತು. ಅಣ್ಣಾರಾಯ ಅಂಗಿಯೊಳಗಿನ ತಾಟು ತೆಗೆದು ಒಲೆಯ ಪಕ್ಕ ಇಟ್ಟು ಓಡಿದ. ಎಲ್ಲರ ಹಿಂದೆ ಶಾಂತಲಿಂಗಪ್ಪ ಬಿಸಿಲಲ್ಲಿ ಬರಿದಲೆಯಲ್ಲಿ ನಡೆದ.

ಗದ್ದಲ ಓಣಿಯ ತಿರುವಿನಲ್ಲಿ ಕರಗಿತು. ಹೆಂಗಸರಷ್ಟೇ ಉಳಿದರು.

"ಈಗ ಅಳಲೇನವ್ವಾ?" ಎಂದಳು ಗುರಮ್ಮ.

"ತಡಿ ಆಯಿ, ಇನ್ನೂ ಡಬರಿ ತುಂಬ ಕೋಳಿ ಅದಾವ."

ಗುರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಜನಾಬಾಯಿ ಎಂಟು ವರ್ಷ ಕೂತಿದ್ದ ಜಾಗದಲ್ಲಿ, ಒಲೆಯ ಬಾಜು ಕೂತಳು. ಹೊಸ್ತಿಲಿಗೂ ಒಲೆಗೂ ನಡುವೆ ಹರಕು ಛತ್ರಿ ಇಟ್ಟಲ್ಲೇ ಬಿದ್ದಿತ್ತು. ಜನಾಬಾಯಿ ಅದನ್ನು ದಾಟಿ ಬಂದು ಮುಂದಿನ ತುಂಡು ಬಿಟ್ಟಳು. ಎಣ್ಣೆ ಮತ್ತೆ ಬಾಯಿ ತೆರೆಯಿತು.