ತಲೆಕಟ್ಟು

"ಇದಿ ತೆಲುಗು ಕಾದು," ಎಂದರು ಮಾಣಿಕಪ್ಪ ಸಾರ್, ಕೆಂಪು ರೇಡಿಯಂ ಸ್ಟಿಕ್ಕರನ್ನು ಬಾಗಿಲ ಬೆಳಕಿಗೆ ಹಿಡಿದು. ಆಮೇಲೆ ಸಿಟ್ಟಿನಲ್ಲಿ ತೆಲುಗು ಮರೆತು, "ಇದು ಕನ್ನಡ ಅದಲ್ಲವ್ವ! ಕನ್ನಡ ಕೊಯ್ದು ಇಟ್ಟೀಯಲ್ಲ!" ಎಂದರು.

ಚಾಪೆಯ ಮೇಲೆ ಕೂತಿದ್ದ ಸ್ವರೂಪಾ ಬ್ಲೇಡು ಕೆಳಗಿಟ್ಟಳು. ಆರು ದಿನದಿಂದ ಅದೇ ಚಾಪೆ, ಅದೇ ಬ್ಲೇಡು. ಎರಡು ಹಾಳೆ ಒಂದರ ಮೇಲೊಂದಿಟ್ಟು, ಅಕ್ಷರ ಬರೆದು, ಕೊಯ್ದು, ಬೇಡದ್ದನ್ನು ಸೂಜಿಯಿಂದ ಎತ್ತಿ ತೆಗೆದು, ಇನ್ನೂರು ಸ್ಟಿಕ್ಕರು ಮುಗಿಸಿದ್ದಳು. ತೋರುಬೆರಳಿನ ತುದಿ ಜಡ್ಡುಗಟ್ಟಿ ಅದು ತನ್ನದೋ ಪರರದೋ ತಿಳಿಯದ ಹಾಗಾಗಿತ್ತು. ಮುಷ್ಕರಕ್ಕೆ ಸಿಂಗರೇಣಿಯ ಕಲ್ಲಿದ್ದಲು ಗಣಿಗಳು ನಿಂತ ಮೇಲೆ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಫ್ಯಾನು ತಿರುಗದ ಆ ತಗಡಿನ ಮನೆಯಲ್ಲಿ ಬೆವರು ಹಾಳೆಗೆ ಬೀಳದಂತೆ ಹಣೆಗೆ ಗಂಡನ ಕರ್ಚೀಫು ಕಟ್ಟಿಕೊಂಡಿದ್ದಳು.

"ಸಕಲ ಜನುಲ ಸಮ್ಮೆ." ಪ್ರತ್ಯೇಕ ರಾಜ್ಯಕ್ಕಾಗಿ ಎಲ್ಲ ಜನರ ಮುಷ್ಕರ. ತಾಂಡೂರಿನ ಪ್ರತಿ ಆಟೋಕ್ಕೆ, ಪ್ರತಿ ಬೈಕಿಗೆ ಅಂಟಬೇಕಾದ ಮಾತು. ಅದನ್ನು ಊರಿನ ಹೋರಾಟದ ಮುಂದಾಳು ಮಾಣಿಕಪ್ಪ ಸಾರ್ ಯಾರಿಗೂ ಬರೆದು ಕೊಟ್ಟಿರಲಿಲ್ಲ. ಧರಣಿಯ ಟೆಂಟಿನಡಿ ಕೂತು ಬಾಯಲ್ಲಿ ಹೇಳಿದ್ದರು. ಆರ್‌ಟಿಸಿ ಡಿಪೋದ ಡ್ರೈವರ್ ಅಮರ್ ಅದನ್ನು ಬಾಯಲ್ಲೇ ಮನೆಗೆ ತಂದು ಹೆಂಡತಿಗೆ ಒಪ್ಪಿಸಿದ್ದ. ಗಿರಾಕಿಗಳು ಚೀಟಿಯಲ್ಲಿ ಬರೆದುಕೊಟ್ಟ ಹೆಸರಿನ ಮೇಲೆ ಕಾರ್ಬನ್ ಇಟ್ಟು ಕೊಯ್ಯುವುದು ಸ್ವರೂಪಾಳ ರೂಢಿ. ಈ ಸಲ ಚೀಟಿ ಇರಲಿಲ್ಲ. ಬಶೀರಾಬಾದಿನ ಕಡೆಯ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಸ್ಲೇಟು ತಿದ್ದಿದ ಕೈ ಅದು. ಎರಡೂ ಲಿಪಿ ಅಕ್ಕತಂಗಿಯರ ಹಾಗೆ. ಮೈ ಒಂದೇ, ತಲೆ ಮಾತ್ರ ಬೇರೆ. ತೆಲುಗಿನ 'ಸ'ದ ನೆತ್ತಿಗೆ ಮೇಷ್ಟರು ಸರಿ ಎಂದು ಗೀಚಿದ ಹಾಗೆ ಒಂದು ಗೀರು. ಕನ್ನಡದ 'ಸ'ಕ್ಕೆ ಅಡ್ಡ ಮಲಗಿ ತುದಿ ಬಾಗಿದ ತಲೆಕಟ್ಟು. ಕೈ ತನಗೆ ಗೊತ್ತಿದ್ದ ತಲೆಯನ್ನೇ ಇಟ್ಟಿತ್ತು, ಇನ್ನೂರು ಸಲ.

"ಓದಾಕಂತೂ ಬರ್ತದಲ್ರಿ ಸಾರ್," ಎಂದ ಅಮರ್. "ಆಟೋದವ್ರು ಯಾರು ತಲಿ ನೋಡ್ತಾರ?"

"ನೋಡ್ಯಾರಪಾ! ಹತ್ತು ಸ್ಟಿಕ್ಕರ್ ಮುಂಜಾನಿ ಟೆಂಟಿಗಿ ತಂದಿದ್ದೆಲ್ಲ, ನೋಡ್ಯಾರ. 'ನಿಮ್ಮ ಡ್ರೈವರ್ ಕರ್ನಾಟಕ ಬಸ್ ಹೊಡಿಯಾಕ ಹೊಂಟಾನೇನು' ಅಂತ ನಗಾಕತ್ಯಾರ. ನಾ ಮೊದಲೇ ಹೇಳಿದ್ದೆ, ಹೈದರಾಬಾದ್‌ದಾಗ ಮಷೀನಿಗಿ ಕೊಡಾಮು ಅಂತ. ನೀನೇ ಅಲ್ಲ, ನನ್ನ ಹೆಂಡ್ತಿ ಕೊಯ್ತಾಳ, ಪ್ರಿಂಟಿಂದು ಎರಡು ಮಳಿಗಿ ಬಿಳಿ ಆಗ್ತದ, ಕೈಯಿಂದು ಹತ್ತು ವರ್ಷ ಹೊಳಿತದ ಅಂದಾಂವ?"

ಅಮರ್ ಅಂದಿದ್ದು ಹೌದು. ಎದೆ ಉಬ್ಬಿಸಿ ಅಂದಿದ್ದ. ಹೋರಾಟಕ್ಕೆ ತನ್ನ ಮನೆಯಿಂದಲೂ ಒಂದು ವಸ್ತು ಹೋಗಲಿ ಎಂಬ ಆಸೆ ಅವನದು. ಅದರ ಅಡಿಯಲ್ಲಿ ಇನ್ನೊಂದು ಇತ್ತು. ಅದನ್ನು ಅವನು ಹೆಂಡತಿಗೆ ಮಾತ್ರ ಹೇಳಿದ್ದ. ಹೊಸ ರಾಜ್ಯ ಬಂದ ಮೇಲೆ ನೌಕರರಲ್ಲಿ ಯಾರು ಲೋಕಲ್, ಯಾರು ಅಲ್ಲ ಎಂದು ಕಾಗದ ತೆಗೆದು ನೋಡುತ್ತಾರಂತೆ ಎಂದು ಡಿಪೋದಲ್ಲಿ ಗುಸುಗುಸು ಎದ್ದಿತ್ತು. ಅವನ ಶಾಲೆಯ ಸರ್ಟಿಫಿಕೇಟು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕನ್ನಡ.

ಒಳಗಿನಿಂದ ಅತ್ತೆ ಬಾಲಮಣಿ ಛಾದ ಕಪ್ಪು ಬಸಿ ಹಿಡಿದು ಬಂದಳು. ಒರೆಸಿ ಇಟ್ಟ ಕುರ್ಚಿ ಹಾಗೆಯೇ ಇತ್ತು. ಮಾಣಿಕಪ್ಪ ಸಾರ್ ಚಪ್ಪಲಿ ಬಿಡದೆ ಹೊಸ್ತಿಲ ಆಚೆಯೇ ನಿಂತಿದ್ದರು. ಈ ಓಣಿಯ ಯಾವ ಹೊಸ್ತಿಲನ್ನೂ ಅವರು ದಾಟಿದ್ದನ್ನು ಕಂಡವರಿಲ್ಲ. ಭಾಷಣದಲ್ಲಿ ಮಾತ್ರ ಎಲ್ಲರ ಮನೆಯೊಳಗೂ ಹೋಗಿ ಬರುತ್ತಿದ್ದರು.

"ಛಾ ತಗೋರಿ ಸಾರ್. ಹೆದರಬ್ಯಾಡ್ರಿ, ತೆಲುಗಿನಾಗೇ ಕುದಿಸೇನಿ."

"ನಗಿ ಮಾತಲ್ಲ ಬಾಲವ್ವ. ನಾಳಿ ರಸ್ತಾ ರೋಕೋ ಅದ."

"ಅಲ್ರಿ, ನಿಮ್ಮ ಮಗಳ ಲಗ್ನದ ಗಾಡಿಗಿ ಹೆಸರು ಕೊಯ್ದಾಕಿ ಇಕಿನೇ. ಕನ್ನಡದಾಗೇ ಕೊಯ್ದಾಳ. ಆಗ ಅಕ್ಷರ ಮುತ್ತಿನಂಗ ಅವ ಅಂದಿದ್ರಿ."

ಮಾಣಿಕಪ್ಪ ಸಾರ್ ಕೈಯಲ್ಲಿದ್ದ ಸ್ಟಿಕ್ಕರನ್ನು ಮಡಚಲು ನೋಡಿದರು. ರೇಡಿಯಂ ಮಡಚಿಕೊಳ್ಳಲಿಲ್ಲ. "ಅದು ಮನಿ ಮಾತು," ಎಂದರು. "ಇದು ರೋಡಿನ ಮಾತು."

"ನಾ ಹುಟ್ಟಿದಾಗ ಈ ತಾಂಡೂರು ಗುಲಬರ್ಗಾ ಜಿಲ್ಲಾದಾಗ ಇತ್ತರಿ ಸಾರ್. ನಾ ಎಲ್ಲಿಗೂ ಹೋಗಿಲ್ಲ. ಊರೇ ಆ ಕಡಿ ಈ ಕಡಿ ತಿರಗ್ಯಾದ."

"ಅವ್ವಾ, ಸುಮ್ಕಿರು," ಎಂದ ಅಮರ್.

ಛಾ ಆರುತ್ತಿತ್ತು. ಮಾಣಿಕಪ್ಪ ಸಾರ್ ಮತ್ತೆ ತೆಲುಗಿಗೆ ಹೋದರು, ಚೆಲ್ಲೆಮ್ಮಾ ಎಂದು ಸ್ವರೂಪಾಳನ್ನು ಕರೆದರು. ತಂಗಿ ಎಂದಷ್ಟೇ ಅರ್ಥ; ಆದರೆ ಆ ಮಾತು ಹೊಸ್ತಿಲ ಆಚೆಯಿಂದಲೇ ಬಂತು. ತಲೆಗಳನ್ನು ಕೊಯ್ದು ತೆಗೆದು ಗೀರು ಅಂಟಿಸಬಹುದಲ್ಲ, ಸಂಜೆಯೊಳಗೆ ಮಾಡಿದರೆ ಒಯ್ಯುತ್ತೇವೆ, ಇಲ್ಲವೆಂದರೆ ಬೇರೆ ದಾರಿ ನೋಡುತ್ತೇವೆ ಎಂದರು. ಅವರು ಹೋದ ಮೇಲೆ ಬಾಲಮಣಿ ಆ ಛಾವನ್ನು ತಾನೇ ಕುಡಿದಳು.

"ಮಾಡ್ತಿಯಿಲ್ಲ?" ಎಂದ ಅಮರ್.

"ಕೈ ಬರವಲ್ದು."

"ನನ್ನ ಮಾರಿ ನೋಡು ಸ್ವರೂಪಾ. ಹದಿನಾರು ವರ್ಷ ಬಸ್ ಹೊಡದೀನಿ ಇದೇ ರೋಡಿನಾಗ. ಹತ್ತು ದಿನದಿಂದ ಬಿಸಲಾಗ ಕುಂತೀನಿ, ಒದರಿ ಒದರಿ ಗಂಟಲು ಹರದದ. ಮುಂಜಾನಿ ಒಬ್ಬವ ಎಲ್ಲಾರ ಮುಂದ ಕೇಳಿದ, ನಿಂದು ಯಾವ ಊರು ಅಂತ. ನನ್ನ ಸಂಗಾಟ ಊಟ ಮಾಡೋ ಮನಶಾ ಕೇಳಿದ."

ಅವನು ಅಳುತ್ತಿರಲಿಲ್ಲ. ಅತ್ತಿದ್ದರೆ ಅವಳು ಇಲ್ಲ ಎನ್ನಬಹುದಿತ್ತು. ಕರ್ಚೀಫನ್ನು ಬಿಚ್ಚಿ, ಹಿಂಡಿ, ಮತ್ತೆ ಹಣೆಗೆ ಬಿಗಿದುಕೊಂಡಳು.

ಒಂದು ಸ್ಟಿಕ್ಕರಿಗೆ ನಾಲ್ಕು ತಲೆ. ಎರಡು 'ಸ', ಒಂದು 'ಕ', ಒಂದು 'ನು'. ಕೊನೆಯ 'ಮ್ಮೆ'ಯ ಕೊಂಡಿ ಬೇರೆ. ಸ್ವರೂಪಾ ಕುತ್ತಿಗೆಯ ಬಳಿ ಬ್ಲೇಡು ಎಳೆಯುತ್ತಿದ್ದಳು, ಬಾಲಮಣಿ ಸೂಜಿಯ ಮೊನೆಯಿಂದ ತಲೆ ಎತ್ತುತ್ತಿದ್ದಳು, ಅಮರ್ ಚೂರು ರೇಡಿಯಂನಲ್ಲಿ ಗೀರು ಕತ್ತರಿಸಿ ಬೋಳುನೆತ್ತಿಯ ಮೇಲೆ ಕೂರಿಸುತ್ತಿದ್ದ. ಸ್ಟೇರಿಂಗ್ ಹಿಡಿದ ಕೈಗೆ ಅಷ್ಟು ಸಣ್ಣದು ಒಲಿಯಲಿಲ್ಲ. ಗೀರುಗಳು ಒಂದೊಂದು ಒಂದೊಂದು ಕಡೆ ವಾಲಿದವು.

"ನಂಗ ಓದಾಕ ಬರಲ್ಲ," ಎಂದಳು ಬಾಲಮಣಿ, "ಅದಕ್ಕೇ ತಲಿ ತಗಿಯೋದು ಸರಾಗ ಆಗಾಕತ್ತದ ನೋಡು. ನಿನಗ ಯಾಕ ತಡಾ ಆಗ್ತದ?"

ಸ್ವರೂಪಾಳಿಗೆ ತಡವಾಗುತ್ತಿದ್ದುದು ಹೌದು. ಕೊಯ್ಯುವಾಗ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಆ ಬಾಗಿದ ತುದಿ ತಿದ್ದಲು ಅವಳು ಸ್ಲೇಟಿನ ಮೇಲೆ ಎಷ್ಟು ಬಳಪ ಸವೆಸಿದ್ದಳೋ. ತಲೆ ಸರಿಯಾಗಿ ಬಾಗದಿದ್ದರೆ ಮೇಷ್ಟರು ದೂರದಿಂದ ಕಟ್ಟಿಗೆ ಎಸೆಯುತ್ತಿದ್ದರು. ಇಂಥ ಓಣಿಯ ಮಕ್ಕಳನ್ನು ಕೈಯಿಂದ ಮುಟ್ಟಿ ಹೊಡೆಯುತ್ತಿರಲಿಲ್ಲ. ಆ ಅಕ್ಷರವೇನು ಯಾರೂ ಅವಳಿಗೆ ಮಡಿಲು ತುಂಬಿ ಕೊಟ್ಟದ್ದಲ್ಲ. ಕಟ್ಟಿಗೆ ಏಟು ತಿಂದು ಅವಳೇ ಕಿತ್ತುಕೊಂಡು ತಂದದ್ದು.

ಮೂರು ಗಂಟೆಗೆ ಕರೆಂಟು ಬಂತು. ಫ್ಯಾನು ತಿರುಗಿದ್ದೇ ತಡ, ಚೂರುಗಳು ಎದ್ದು ಮನೆ ತುಂಬ ಹಾರಿದವು. ಅಮರ್ ಎದ್ದು ಫ್ಯಾನು ಬಂದ್ ಮಾಡಿದ. ಮತ್ತೆ ಬೆವರು, ಮತ್ತೆ ಬ್ಲೇಡು.

ನೂರಿಪ್ಪತ್ತು ಮುಗಿದಿದ್ದವು. ಐವತ್ತರ ತಲೆ ಹೋಗಿ ಗೀರು ಇನ್ನೂ ಬಂದಿರಲಿಲ್ಲ. ಆಗ ಫೋನು ಬಂತು. ಅಮರ್ ನಿಂತುಕೊಂಡು ಮಾತಾಡಿದ. "ಹೂಂ ಸಾರ್... ಹೂಂ... ಇಲ್ರಿ, ಆಕಿ ಯಾಕ ಬ್ಯಾಸರ ಮಾಡ್ಕೋತಾಳ... ಹೂಂ."

ಫೋನನ್ನು ಕಿಸೆಯಲ್ಲಿಟ್ಟು ಬಹಳ ಹೊತ್ತು ಕಿಸೆಯಿಂದ ಕೈ ತೆಗೆಯಲಿಲ್ಲ.

"ಹೈದರಾಬಾದ್‌ಲಿಂದ ಪ್ರಿಂಟಿಂದು ಬಂದವಂತ. ಯಾರೋ ಕಾರಿನಾಗ ತಂದಾರಂತ. ಎರಡು ಸಾವಿರ."

"ಮುಂಜಾನಿನೇ ಹೇಳಿ ಇಟ್ಟಿದ್ರೇನು?" ಎಂದಳು ಬಾಲಮಣಿ.

"ನಿನ್ನೇನೇ ಹೇಳಿರಬೇಕು."

ಸ್ವರೂಪಾಳ ಬ್ಲೇಡು ಇನ್ನೂ ನಡೆಯುತ್ತಿತ್ತು. ಒಂದು 'ಕ'ದ ಕುತ್ತಿಗೆ ದಾಟಿ, 'ನು'ವಿನ ಹತ್ತಿರ ಬಂದು, ಅಲ್ಲಿ ನಿಂತಿತು. ಗೀರು ಬಾರದ ಹಾಳೆಗಳತ್ತ ನೋಡಿದಳು. ಕೆಂಪಗೆ, ಬೋಳುತಲೆಯಲ್ಲಿ ಸಾಲಾಗಿ ಕೂತಿದ್ದವು. ಓದಲು ನೋಡಿದಳು. ಆಗಲಿಲ್ಲ, ಯಾವ ಭಾಷೆಯಲ್ಲಿಯೂ ಆಗಲಿಲ್ಲ.

"ನಾಳಿ ಹೆಣ್ಮಕ್ಕಳೂ ಬರಬೇಕಂತ," ಎಂದ ಅಮರ್ ಗೋಡೆಯ ಕಡೆ ಮುಖ ಮಾಡಿ. "ನಮ್ಮ ಓಣಿಲಿಂದ ಐವತ್ತು ಮಂದಿ ಬೇಕಂದಾರ. ಘೋಷಣಾ ಕೂಗಾಕ."

"ಏನಂತ ಕೂಗಬೇಕಂತ?"

ಅಮರ್ ತಿರುಗಿ ನೋಡಿದ.

"ಈ ಸಲ ಬರಸ್ಕೊಂಡು ಬರ್ರಿ," ಎಂದಳು ಸ್ವರೂಪಾ.

ಅವನು ಚಪ್ಪಲಿ ಮೆಟ್ಟಿದ, ಹೊರಗೆ ಹೋಗಲಿಲ್ಲ, ಹೊಸ್ತಿಲಲ್ಲೇ ಕೂತ. ಓಣಿಯ ನಲ್ಲಿಗೆ ನೀರು ಬಿಟ್ಟ ಸಪ್ಪಳ ಕೇಳಿ ಬಾಲಮಣಿ ಮಂಡಿ ಹಿಡಿದು ಎದ್ದಳು, ಕೊಡ ಎತ್ತಿಕೊಂಡು ಮಗನನ್ನು ದಾಟಿ ಅಂಗಳಕ್ಕಿಳಿದಳು. ಅವಳ ಸೀರೆಯ ಅಂಚಿಗೆ, ಮೊಣಕೈಗೆ, ಹಿಮ್ಮಡಿಗೆ ಕತ್ತರಿಸಿದ ತಲೆಗಳು ಅಂಟಿದ್ದವು. ಹೆಜ್ಜೆ ಎತ್ತಿದಾಗೊಮ್ಮೆ ಹಿಮ್ಮಡಿಯಲ್ಲಿ ಕೆಂಪು ಮಿಂಚಿ ಮಣ್ಣಿನಲ್ಲಿ ಮರೆಯಾಗುತ್ತಿತ್ತು.

ಸ್ವರೂಪಾ ಚಾಪೆಯ ಮೇಲೆ ಉಳಿದ ಚೂರುಗಳನ್ನು ಒಟ್ಟು ಮಾಡಲು ಬಾಗಿದಳು. ಒಂದು ತಲೆಕಟ್ಟು ಬೆರಳಿಗೆ ಹತ್ತಿಕೊಂಡಿತು. ಕೊಡವಿದಳು, ಬೀಳಲಿಲ್ಲ. ಇನ್ನೊಂದು ಕೈಯಿಂದ ಕಿತ್ತಳು, ಆ ಕೈಗೆ ಹತ್ತಿಕೊಂಡಿತು. ಮತ್ತೆ ಕಿತ್ತಳು. ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ.