ಕಡಲ ದಂಡೆಯಲ್ಲಿ ಬೇರೆ ಜಾಗ

ಬಾಲರಾಜ್ ಕೇಳಿದರೆ ದೇವಲೋಕದಲ್ಲೂ ರೂಮು ಸಿಗುತ್ತದೆ ಎಂಬುದು ಪರಶುರಾಂಪುರ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಎಲ್ಲರೂ ಒಪ್ಪಿದ ವಿಷಯ; ಒಪ್ಪಿಸಿದವನೂ ಅವನೇ. ಅದಕ್ಕೇ ಅವ್ವ ಬೋರಕ್ಕನನ್ನೂ ಹೆಂಡತಿ ರೂಪಳನ್ನೂ ಸಮುದ್ರ ತೋರಿಸಲು ಕರೆತಂದಾಗ ಮೊದಲೇ ರೂಮು ಗೊತ್ತುಮಾಡಿರಲಿಲ್ಲ. ಹೊನ್ನಾವರದ ಆಚೆ, ಕೋಳಿಯೂ ಮೆಲ್ಲಗೆ ಕೂಗುವಂಥ ಮೀನುಗಾರರ ಊರು. ಮಧ್ಯಾಹ್ನದ ಬಿಸಿಲು ತಲೆಯನ್ನು ಶೇಂಗಾದಂತೆ ಹುರಿಯುತ್ತಿತ್ತು. ಭೂಮಿಯ ಮೇಲಿನ ಬಾಗಿಲುಗಳನ್ನೆಲ್ಲ ತಟ್ಟಿ ಮುಗಿಸಿದ ಮೇಲೆ ಕಮಲಾಕ್ಷಮ್ಮ ಎಂಬಾಕೆ ತನ್ನ ಮನೆಯಲ್ಲಿ ಒಂದು ಕೋಣೆ ಕೊಟ್ಟಳು.

"ನೋಡಿದೇನವ್ವಾ? ನಾನು ಬಾಯಿ ಬಿಟ್ರೆ ಸಮುದ್ರನೂ ಸರಿದು ಜಾಗ ಕೊಡ್ತೈತೆ!"

ರೂಪ ಹೊಸಿಲು ದಾಟಲಿಲ್ಲ. "ಬಸ್ಸಲ್ಲೇ ಮುಟ್ಟಾದೆ, ಅತ್ತೆ" ಎಂದಳು ತಲೆ ತಗ್ಗಿಸಿ.

ಕುರಿ ಸಾಕುವ ಅವರ ಹಟ್ಟಿಯಲ್ಲಿ ಮುಟ್ಟಾದವರಿಗೂ ಬಾಣಂತಿಯರಿಗೂ ಮನೆಯೊಳಗೆ ಜಾಗವಿಲ್ಲ. ಬೇಲಿಯಾಚೆ ಒಂದು ಗುಡಿಸಲಿದೆ.

ಬೋರಕ್ಕ ಮನೆಯೊಡತಿಯತ್ತ ತಿರುಗಿದಳು. "ಇವಳಿಗೆ ಬೇರೆ ಜಾಗ ಬೇಕಮ್ಮಾ, ಮನೆ ಆಚೆ."

"ಆಚೆ ಬಲೆ ಇಡುವ ತಗಡಿನ ಶೆಡ್ ಒಂದೇ ಉಂಟು. ಅದರಲ್ಲಿ ಮನುಷ್ಯರು ಇರುವುದಾ?" ಎಂದಳು ಕಮಲಾಕ್ಷಮ್ಮ. "ನನಗೇನೂ ತೊಂದರೆ ಇಲ್ಲ, ಒಳಗೇ ಇರಲಿ."

"ನಿಮಗಿಲ್ಲ. ನಮ್ಮ ದೇವ್ರಿಗೈತೆ."

"ದೇವ್ರು ಹಟ್ಟೀಲೈತಲ್ಲ ಅತ್ತೆ." ಹೊಟ್ಟೆನೋವಿಗೆ ರೂಪ ಕಂಬ ಹಿಡಿದಿದ್ದಳು. "ಇಲ್ಲಿ ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲೇ! ನಮ್ಮತ್ತೆ, ಅವರತ್ತೆ, ಎಲ್ಲಾರೂ ಆಚೇನೇ ಕೂತೋರು. ನಾಳೆ ಕುರಿಗೆ ಏನಾರ ಆದ್ರೆ ಹಟ್ಟಿಯೋರು ಯಾರ್ನ ಕೇಳ್ತಾರೆ? ನನ್ನೇ." ಆ ದನಿಯಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಿತ್ತು.

ಟೀ ಅಂಗಡಿಯ ಮಾತಿನಲ್ಲಿ ದಿನಾ ತೋಳವನ್ನು ಬಾಲ ಹಿಡಿದು ತಿರುಗಿಸುವ ಬಾಲರಾಜ್ ಅವ್ವನ ಮುಂದೆ ಚಪ್ಪಲಿಯ ಮರಳು ಕೊಡವುತ್ತ ನಿಂತ. ರೂಪ ಚೀಲವೆತ್ತಿಕೊಂಡು ಶೆಡ್ಡಿನತ್ತ ಹೊರಟಳು. ಬಾಗಿದ ಆ ಬೆನ್ನು ಕಂಡು ಅವನಿಗೆ ಹೇಗೋ ಮಾತು ಹೊರಟಿತು.

"ಅವ್ವಾ, ಬೇರೆ ಇರ್ಬೇಕು, ಅಷ್ಟೇ ತಾನೆ? ಅವಳು ಕೋಣೇಲಿ ಬೇರೆ ಇರ್ಲಿ. ನಾವಿಬ್ರೂ ಶೆಡ್ಡಲ್ಲಿ ಇರಾಣ."

"ನನ್ನತ್ರನೇ ವಕೀಲ್ಕಿ ಮಾಡ್ತೀಯೇನೋ?"

"ನಿನ್ ಕೈಲಾಗಲ್ಲ ಅಂದ್ರೆ ಬಿಡು."

"ಯಾಕಾಗಲ್ಲ? ಹರೇದಿಂದ ಗುಡ್ಲಲ್ಲೇ ಮಲಗ್ದೋಳು ನಾನು!" ಹಟಕ್ಕೆ ಬಿದ್ದ ಬೋರಕ್ಕ ತನ್ನ ಚೀಲ ಎತ್ತಿಕೊಂಡು ನಡೆದೇಬಿಟ್ಟಳು.

ಶೆಡ್ಡಿನ ತಗಡು ರೊಟ್ಟಿ ಹಂಚಿನಂತೆ ಕಾದಿತ್ತು. ಒಣಮೀನಿನ ವಾಸನೆ ಚಳ್ಳಕೆರೆಯವರೆಗೂ ಹೋಗಿ ವಾಪಸ್ಸು ಬರುವಷ್ಟಿತ್ತು. ಒಂದೊಂದು ನೊಣವೂ ಕುರಿಮರಿ ಗಾತ್ರ. ಕಾಲು ಚಾಚಲು ಬಲೆಯ ರಾಶಿ ಬಿಡಲಿಲ್ಲ. ಬಾಲರಾಜ್ ಟವೆಲಿನಿಂದ ಅವ್ವನಿಗೆ ಗಾಳಿ ಬೀಸುತ್ತ ಕೂತ. ಬೋರಕ್ಕ ತಗಡಿನ ಸೂರನ್ನೇ ನೋಡುತ್ತಿದ್ದಳು.

"ನಿನ್ನ ಹೆತ್ತಾಗ ಮಳೆ," ಎಂದಳು ಆಮೇಲೆ. "ಗುಡ್ಲು ಸೋರ್ತಿತ್ತು. ಸೆರಗಲ್ಲಿ ನಿನ್ನ ಮುಚ್ಕಂಡು ಕೂತಿದ್ದೆ. ಒಳಗೆ ಬಾ ಅಂತ ಯಾರೂ ಕರೀಲಿಲ್ಲ."

ಬೀಸುತ್ತಿದ್ದ ಕೈ ನಿಂತಿತು. ಇದನ್ನು ಅವನು ಎಂದೂ ಕೇಳಿರಲಿಲ್ಲ.

ಬೋರಕ್ಕ ಎದ್ದಳು. ಅಂಗಳ ದಾಟಿ ಹೋಗಿ ಕೋಣೆಯ ಬಾಗಿಲು ತಳ್ಳಿದಳು. ಮಲಗಿದ್ದ ರೂಪ ದಡಬಡಿಸಿ ಎದ್ದು, ಅತ್ತೆಗೆ ತಾಗದಂತೆ ಗೋಡೆಗೆ ಅಂಟಿಕೊಂಡಳು.

ಬೋರಕ್ಕ ಅವಳ ಕೈಹಿಡಿದು ಎಳೆದು ಮಂಚದ ಮೇಲೆ ಕೂರಿಸಿದಳು. ಪಕ್ಕದಲ್ಲೇ ಕಾಲು ಚಾಚಿ, "ಆ ಫ್ಯಾನು ಜೋರು ಮಾಡೇ" ಎಂದಳು.